ತೂಕ ಇಳಿಯುವ ಮೊದಲೇ ಶುಗರ್ ಇಳಿಯುವುದೇಕೆ?

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮತ್ತು ಶುಗರ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಅದಕ್ಕೆ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ, ಮಿಕ್ಕವಕ್ಕೆ ಚುಟುಕಾಗಿ. ಬೈಪಾಸ್ ಎಂದರೆ ಜಠರವನ್ನು ಪುಟ್ಟದಾಗಿಸಿ, ಸಣ್ಣಕರುಳಿನ ಮೊದಲ ಭಾಗವನ್ನು ಬಿಟ್ಟು ಅದರ ಕೆಳಭಾಗಕ್ಕೆ ನೇರ ಜೋಡಿಸುವುದು; ಸ್ಲೀವ್ ಎಂದರೆ ಜಠರದ ದೊಡ್ಡ ಪಾಲನ್ನು ಕತ್ತರಿಸಿ ತೆಗೆಯುವುದು. ನಿಮ್ಮ ಸರ್ಜನ್ ಚಿತ್ರ ಬರೆದು ತೋರಿಸಿರುತ್ತಾರೆ, ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 52 ವರ್ಷ, 11 ವರ್ಷದಿಂದ ಟೈಪ್ 2 ಶುಗರ್ ಇದೆ. ದಿನಕ್ಕೆ 46 ಯೂನಿಟ್ ಇನ್ಸುಲಿನ್ ಹಾಕಿಕೊಳ್ಳುತ್ತಿದ್ದರು. ಗ್ಯಾಸ್ಟ್ರಿಕ್ ಬೈಪಾಸ್ ಆದ ಐದನೇ ದಿನಕ್ಕೆ ಡಾಕ್ಟರು ಅದನ್ನು 12ಕ್ಕೆ ಇಳಿಸಿದ್ದಾರೆ. ತೂಕ ಇನ್ನೂ ಮೂರು ಕೆಜಿಯೂ ಇಳಿದಿಲ್ಲ. ಕಾಯಿಲೆ ವಾಸಿಯಾಯಿತು ಎಂದುಕೊಂಡು ಇನ್ಸುಲಿನ್ ಪೂರ್ತಿ ಬಿಟ್ಟುಬಿಡಬಹುದೆ?

ಉತ್ತರ: ಬಿಡಬೇಡಿ. ಐದನೇ ದಿನದ ಶುಗರ್ ನೋಡಿ ವಾಸಿ ಎನ್ನುವುದು ಬರೀ ಆತುರ.

ಇನ್ಸುಲಿನ್‌ಗೆ ಇಡೀ ದೇಹ ಒಂದೇ ಸಲಕ್ಕೆ ಸ್ಪಂದಿಸಲು ಶುರು ಮಾಡುವುದಿಲ್ಲ. ಮೊದಲು ದಾರಿಗೆ ಬರುವುದು ಲಿವರ್. ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಎರಡು ವಾರ ದಿನಕ್ಕೆ 800ರಿಂದ 1000 ಕ್ಯಾಲರಿಯ ಊಟ, ಆದ ಮೇಲೆ ಅದಕ್ಕಿಂತಲೂ ಕಡಿಮೆ. ಹೀಗೆ ತಿಂದರೆ ಲಿವರ್‌ನಲ್ಲಿ ತುಂಬಿಕೊಂಡ ಕೊಬ್ಬು ಒಂದೇ ವಾರದಲ್ಲಿ ಚೆನ್ನಾಗಿ ಕರಗುತ್ತದೆ. ಆಗ ಲಿವರ್ ಇನ್ಸುಲಿನ್ ಮಾತು ಕೇಳುತ್ತದೆ, ರಾತ್ರಿಯಿಡೀ ರಕ್ತಕ್ಕೆ ಗ್ಲೂಕೋಸ್ ಸುರಿಯುವುದು ಕಡಿಮೆಯಾಗುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಮೊದಲು ಇಳಿಯುವುದು ಇದಕ್ಕೇ. ಆಪರೇಷನ್ ಇಲ್ಲದೆ ಅಷ್ಟೇ ಕಡಿಮೆ ತಿಂದವರಲ್ಲೂ ಹೀಗೇ ಆಗುತ್ತದೆ.

ಎರಡನೆಯದು ಕರುಳಿನ ಹಾರ್ಮೋನು. ಬೈಪಾಸ್ ಆದವರಲ್ಲಿ ಊಟ ಬೇಗನೆ ಸಣ್ಣಕರುಳಿನ ಕೆಳಭಾಗಕ್ಕೆ ಬೀಳುತ್ತದೆ, ಜಿಎಲ್‌ಪಿ-1 ಎಂಬ ಆ ಹಾರ್ಮೋನು ಮೊದಲಿಗಿಂತ ಹಲವು ಪಟ್ಟು ಹೆಚ್ಚು ಸುರಿಯುತ್ತದೆ. ಅದರ ಪ್ರಚೋದನೆಗೆ ಮೇದೋಜೀರಕ ಗ್ರಂಥಿ ಊಟದ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಬಿಡುತ್ತದೆ. ಆದರೆ ಇಲ್ಲಿ ಹೆಚ್ಚಾದದ್ದು ಇನ್ಸುಲಿನ್ ಸ್ರವಿಸುವುದು, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದಲ್ಲ. ಈ ಎರಡನ್ನೂ ಒಂದೇ ಎಂದು ಬರೆಯುವವರು ಓದುಗರ ದಾರಿ ತಪ್ಪಿಸುತ್ತಿದ್ದಾರೆ.

ಕೊನೆಯದು ಸ್ನಾಯು. ಊಟದ ನಂತರದ ಗ್ಲೂಕೋಸ್‌ನ ದೊಡ್ಡ ಪಾಲು ಹೋಗಬೇಕಾದದ್ದು ಅಲ್ಲಿಗೆ. ಅದು ಸುಧಾರಿಸುವುದು ತೂಕ ಇಳಿದಷ್ಟೇ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಒಂದು ಗುಂಪು ಬೈಪಾಸ್‌ನಿಂದ, ಇನ್ನೊಂದು ಪಥ್ಯದಿಂದ ಸುಮಾರು ಶೇ 18ರಷ್ಟು ತೂಕ ಇಳಿಸಿಕೊಂಡಿತ್ತು. ಇನ್ಸುಲಿನ್‌ಗೆ ಸ್ಪಂದಿಸುವುದರಲ್ಲಿ ಎರಡೂ ಗುಂಪು ಸರಿಸುಮಾರು ಸಮ. ಸರ್ಜರಿಯ ದೊಡ್ಡ ಗುಣವೆಂದರೆ ಅಷ್ಟು ತೂಕ ಇಳಿಯುವಂತೆ ಮಾಡಿ, ವರ್ಷಗಳ ಕಾಲ ಹಿಡಿದಿಡುವುದು.

ನಿಮ್ಮ ತಂದೆಯ ಸ್ನಾಯು ಇನ್ನೂ ಹಳೆಯ ಸ್ಥಿತಿಯಲ್ಲೇ ಇದೆ. ಗಂಜಿಯಿಂದ ಮೆತ್ತನೆಯ ಊಟಕ್ಕೆ ಬಂದಾಗ ಶುಗರ್ ಮತ್ತೆ ಮೇಲೇರಬಹುದು. ಹಾಗೆಂದು ಹಳೆಯ 46 ಯೂನಿಟ್ ಹಾಕಿದರೆ ಪ್ರಾಣಕ್ಕೇ ಅಪಾಯ. ಮೊದಲ ಕೆಲವು ವಾರ ದಿನಕ್ಕೆ ನಾಲ್ಕು ಸಲ ಗ್ಲೂಕೋಮೀಟರ್‌ನಲ್ಲಿ ನೋಡಿ: ಬೆಳಗ್ಗೆ ಖಾಲಿ ಹೊಟ್ಟೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಮಲಗುವಾಗ. ಬರೆದಿಡಿ. ಒಂದೇ ಒಂದು ಸಲ 70ಕ್ಕಿಂತ ಕೆಳಗೆ ಹೋದರೂ ಮೂರು ಚಮಚ ಗ್ಲೂಕೋಸ್ ಪುಡಿ ಕೊಟ್ಟು, ಅಂದೇ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಇಳಿಸಿಕೊಳ್ಳಿ.

ಮಾತ್ರೆಗಳ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ. ಗ್ಲಿಮೆಪಿರೈಡ್ (ಶುಗರ್ ತೀರಾ ಕೆಳಗಿಳಿಸಬಲ್ಲ ಮಾತ್ರೆ) ಇದ್ದರೆ, ಡಾಕ್ಟರು ಮತ್ತೆ ಬರೆದುಕೊಡದ ಹೊರತು ಅದನ್ನು ಕೊಡಬೇಡಿ. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ, ಆದರೆ ನಿಧಾನವಾಗಿ ಕರಗುವ ಎಸ್ಆರ್ ಮಾತ್ರೆಯ ಬದಲು ಮಾಮೂಲಿಯದನ್ನು ಕೇಳಿ ಪಡೆಯಿರಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆಯೇ ನಿಲ್ಲಿಸಬೇಕು. ಊಟ, ನೀರು ಸರಿಯಾಗಿ ಸೇರುವ ತನಕ ಮತ್ತೆ ಶುರು ಮಾಡಬಾರದು. ಮಾಡಿದರೆ ಶುಗರ್ ಹೆಚ್ಚೇನೂ ಏರದೆಯೇ ಕೀಟೋ ಆಸಿಡೋಸಿಸ್ (ಕೀಟೋನ್ ಸೇರಿ ರಕ್ತ ಆಮ್ಲೀಯವಾಗುವ ಅಪಾಯ) ಆಗಬಹುದು. ವಾಂತಿ, ಏದುಸಿರು ಬಂದರೆ ಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಮಾಡಿಸಿ.

ವಾಸಿಯ ವಿಷಯ. ಔಷಧಿಯನ್ನೆಲ್ಲ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.5ಕ್ಕಿಂತ ಕೆಳಗಿದ್ದರೆ ಅದನ್ನು ರೆಮಿಷನ್ ಎನ್ನುತ್ತೇವೆ. ಕಾಯಿಲೆ ಹಿಂದೆ ಸರಿದಿದೆ ಎಂದಷ್ಟೇ ಅದರ ಅರ್ಥ. ಸ್ವೀಡನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಎರಡು ವರ್ಷಕ್ಕೆ ಶೇ 72 ಮಂದಿ ಶುಗರ್‌ನಿಂದ ಹೊರಬಂದಿದ್ದರು, ಹತ್ತು ವರ್ಷಕ್ಕೆ ಆ ಪ್ರಮಾಣ ಶೇ 36. ಹನ್ನೊಂದು ವರ್ಷದ ಕಾಯಿಲೆ, ಮೇಲೆ ಇನ್ಸುಲಿನ್ ಬೇರೆ ಎಂದರೆ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಎಷ್ಟು ಉಳಿದಿವೆ ಎಂದು ನೋಡಬೇಕು. ಸಿ-ಪೆಪ್ಟೈಡ್ ಪರೀಕ್ಷೆ ಅದಕ್ಕೇ ಇರುವುದು. ಮುಂದೆ ಕಬ್ಬಿಣದ ಕೊರತೆಯಾದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಜೊತೆಗೆ ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸಿ. ಶುಗರ್ ಧಡಕ್ಕನೆ ಇಳಿದಾಗ ಕಣ್ಣಿನ ರೆಟಿನಾ ತೊಂದರೆ ಹೆಚ್ಚಾಗುವುದುಂಟು, ಹಾಗಾಗಿ ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ಬೈಪಾಸ್ ಆಗಿ ಎರಡು ವರ್ಷ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಕುಡಿದು ಎರಡು ಗಂಟೆಗೆ ಬೆವರು, ಕೈನಡುಕ. ಗ್ಯಾಸ್ಟ್ರಿಕ್ ಅನ್ನುತ್ತಾರೆ.

ಉತ್ತರ: ಗ್ಯಾಸ್ಟ್ರಿಕ್ ಎಂದು ಆಂಟಾಸಿಡ್ ನುಂಗುತ್ತಾ ಕೂರಬೇಡಿ. ಆ ಹೊತ್ತಿನಲ್ಲೇ ಶುಗರ್ ನೋಡಿ, 55ರ ಆಸುಪಾಸಿಗೆ ಇಳಿದಿರಬಹುದು. ಸಿಹಿ ಗಂಜಿ ಕ್ಷಣದಲ್ಲಿ ಕರುಳಿಗಿಳಿದು ಶುಗರ್ ಜಿಗಿಯುತ್ತದೆ, ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತದೆ, ತೂಕ ಇಳಿದ ದೇಹ ಅದಕ್ಕೆ ಚೆನ್ನಾಗಿ ಸ್ಪಂದಿಸುವುದರಿಂದ ಶುಗರ್ ಕುಸಿಯುತ್ತದೆ. ಮಾಲ್ಟ್, ಜ್ಯೂಸ್ ಬಿಡಿ. ಮೊಟ್ಟೆ, ಕಾಳು, ಪನೀರ್ ಮೊದಲು ತಿಂದು ಆಮೇಲೆ ಸ್ವಲ್ಪ ಮುದ್ದೆ. ಊಟದ ಜೊತೆ ನೀರು ಬೇಡ. ಆಗಲೂ ನಿಲ್ಲದಿದ್ದರೆ ಅಕಾರ್ಬೋಸ್ ಮಾತ್ರೆಯಿದೆ, ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಊಟವಾದ ಮೂರು ಗಂಟೆ ಗಾಡಿ ಓಡಿಸಬೇಡಿ.

ಪ್ರಶ್ನೆ: ಲೈಪೋಸಕ್ಷನ್ ಮಾಡಿಸಿದರೂ ಶುಗರ್ ಇಳಿಯುತ್ತದೆಯೆ?

ಉತ್ತರ: ಇಲ್ಲ. ಚರ್ಮದಡಿಯ ಕೊಬ್ಬನ್ನು ಹತ್ತು ಕೆಜಿಯಷ್ಟು ಹೀರಿ ತೆಗೆದರೂ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಬದಲಾಗಲಿಲ್ಲ ಎಂದು 2004ರಲ್ಲೇ ಅಳೆದು ತೋರಿಸಿದ್ದಾರೆ.

ಪ್ರಶ್ನೆ: ಟೈಪ್ 1 ಇರುವ ಮಗಳಿಗೆ ಸರ್ಜರಿ ಆದರೆ ಇನ್ಸುಲಿನ್ ನಿಲ್ಲುತ್ತದೆ ಎಂದು ಒಬ್ಬರು ಪುಡಿ ಮಾರುವವರು ಹೇಳಿದರು.

ಉತ್ತರ: ಅವರ ಮಾತು ಕೇಳಿದರೆ ಮಗಳನ್ನು ಐಸಿಯುನಲ್ಲಿ ನೋಡಬೇಕಾಗುತ್ತದೆ. ಡೋಸ್ ಕಡಿಮೆಯಾಗಬಹುದು, ಇನ್ಸುಲಿನ್ ಒಂದು ದಿನವೂ ನಿಲ್ಲುವಂತಿಲ್ಲ.

ಪ್ರಶ್ನೆ: ಬೈಪಾಸ್ ಆಗಿರುವ ನಾನೀಗ ಆರು ತಿಂಗಳ ಗರ್ಭಿಣಿ. ಗ್ಲೂಕೋಸ್ ನೀರು ಕುಡಿದು ಪರೀಕ್ಷೆ ಮಾಡಿಸಲೆ?

ಉತ್ತರ: ಬೇಡ, ಕುಡಿದರೆ ಶುಗರ್ ಜಿಗಿದು ಕುಸಿಯುತ್ತದೆ. ಅದರ ಬದಲು ಒಂದು ವಾರ ಖಾಲಿ ಹೊಟ್ಟೆಯಲ್ಲಿ ಮತ್ತು ಪ್ರತಿ ಊಟದ ಒಂದು ಗಂಟೆಯ ನಂತರ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದು, ಆ ಹಾಳೆಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ.