ಪಾರ್ಕಿಂಗ್ ಚೀಟಿಯ 500 ರೂಪಾಯಿ ಕಟ್ಟಬೇಕಾ?

ಓದುಗರ ಪತ್ರ: ನನ್ನ ಮಗಳು ಶಿರಸಿಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಾಳೆ. ನಮ್ಮ ಮನೆ ಹುಲೇಕಲ್ ಕಡೆ. ಪ್ರಾಕ್ಟಿಕಲ್ ಇದ್ದ ದಿನ ಸಂಜೆ ಬಸ್ಸು ತಪ್ಪಿಹೋಗುತ್ತದೆ ಎಂದು ಸ್ಕೂಟರ್ ಕೊಡಿಸಿದ್ದೇವೆ. ಈ ವರ್ಷದಿಂದ ಕಾಲೇಜಿನ ಪಾರ್ಕಿಂಗ್ ಖಾಸಗಿಯವರ ಗುತ್ತಿಗೆಗೆ ಹೋಗಿದೆ. ದಿನಕ್ಕೆ 5 ರೂಪಾಯಿ ಕೊಡುತ್ತಿದ್ದಾಳೆ. ಮೊನ್ನೆ ಮಳೆಯಲ್ಲಿ ಗಾಡಿ ಹಳದಿ ಗೆರೆ ದಾಟಿ ನಿಂತಿತ್ತು ಎಂದು 500 ರೂಪಾಯಿ ದಂಡದ ಚೀಟಿ ಅಂಟಿಸಿದ್ದಾರೆ. 15 ದಿನದಲ್ಲಿ ಕಟ್ಟದಿದ್ದರೆ 1,000 ರೂಪಾಯಿ, ಆಮೇಲೆ ಹಾಲ್ ಟಿಕೆಟ್ ಇಲ್ಲ, ಪೊಲೀಸ್ ಕೇಸ್ ಹಾಕುತ್ತೇವೆ ಎಂದೂ ಬರೆದಿದೆ. ಪಿಯುಸಿ ಓದುವ ಮಗ, ಒಮ್ಮೊಮ್ಮೆ ಅದೇ ಸ್ಕೂಟರ್ ಒಯ್ಯುವವನು, ಯಾವುದೋ ವಿಡಿಯೋ ನೋಡಿ 'ಹರಿದು ಬಿಸಾಕು' ಅನ್ನುತ್ತಾನೆ. ನಾವೇನು ಮಾಡಬೇಕು? (ಹೆಸರು ಬೇಡ ಎಂದ ಓದುಗರು, ಶಿರಸಿ ತಾಲ್ಲೂಕು)

ಸಂಪಾದಕರ ಉತ್ತರ:

ನಮಸ್ಕಾರ. ನಿಮಗೆ ಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ದಿನದ 5 ರೂಪಾಯಿ ಕೊಡುತ್ತಿರಿ, ರಸೀದಿ ಇಟ್ಟುಕೊಳ್ಳಿ. 500 ರೂಪಾಯಿ ಸದ್ಯಕ್ಕೆ ಕಟ್ಟಬೇಡಿ. ಆದರೆ ಚೀಟಿ ಹರಿಯಲೂ ಬೇಡಿ. 15 ದಿನ ಮುಗಿಯುವ ಮೊದಲೇ ಪ್ರಾಂಶುಪಾಲರಿಗೆ ಪತ್ರ ಬರೆದು ಕೊಡಿ. ಗುತ್ತಿಗೆದಾರರ ಹುಡುಗನ ಜೊತೆ ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಅವನೂ ಸಂಬಳಕ್ಕೆ ನಿಂತವನು.

ಪೊಲೀಸ್ ಕೇಸಿನ ಭಯವನ್ನು ಮನಸ್ಸಿನಿಂದ ತೆಗೆದುಬಿಡಿ. ರಸ್ತೆಯ ಮೇಲೆ ಟ್ರಾಫಿಕ್ ದಂಡ ಹಾಕುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯಿಂದ ಬಂದದ್ದು. ಅದು ಪೊಲೀಸರಿಗೆ ಮತ್ತು ಸಾರಿಗೆ ಇಲಾಖೆಯ ಅಧಿಕಾರಿಗಳಿಗೆ ಇದೆ. ಕಾಲೇಜಿನ ಅಂಗಳವನ್ನು ಗುತ್ತಿಗೆ ಹಿಡಿದವರಿಗೆ ಇಲ್ಲ. ಅವರ ಚೀಟಿ ಪೊಲೀಸ್ ಚಲನ್ ಅಲ್ಲ. ಅದನ್ನು ಕಟ್ಟದೆ ಇರುವುದು ಅಪರಾಧವೂ ಅಲ್ಲ. ನಿಜವಾಗಿಯೂ ಹಣ ಬರಬೇಕು ಅನ್ನಿಸಿದರೆ ಅವರು ಸಿವಿಲ್ ಕೋರ್ಟಿಗೆ ಹೋಗಬೇಕು. ಒಪ್ಪಂದ ಇತ್ತು, ನಿಮ್ಮ ಮಗಳು ಅದನ್ನು ಮುರಿದಳು, ಅದರಿಂದ ಇಷ್ಟು ನಷ್ಟವಾಯಿತು ಎಂದು ತೋರಿಸಬೇಕು. ಗಾಡಿಯ ಚಕ್ರಕ್ಕೆ ಬೀಗ ಹಾಕಿಯೋ ಕೀಲಿ ಕಸಿದುಕೊಂಡೋ ದುಡ್ಡು ಕೇಳಿದರೆ ಮಾತ್ರ ಕಾಯಬೇಡಿ. ಆಗ ಪೊಲೀಸರನ್ನು ಕರೆಯಬೇಕಾದವರು ನೀವು. 112ಕ್ಕೆ ಫೋನ್ ಮಾಡಿ.

ಇನ್ನು ನಿಮ್ಮ ಮಗ ನೋಡಿದ ವಿಡಿಯೋ. ಇಂಥ ಸಲಹೆ ಹೆಚ್ಚಾಗಿ ಇಂಗ್ಲೆಂಡಿನ ಕಡೆಯಿಂದ ಬರುತ್ತದೆ. ಅಲ್ಲಿ ಖಾಸಗಿ ಪಾರ್ಕಿಂಗ್ ಕಂಪನಿಗಳ ಚೀಟಿಗೆ ಉತ್ತರವನ್ನೇ ಕೊಡಬೇಡಿ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಅಲ್ಲೂ ಅದು ನಡೆಯುವುದಿಲ್ಲ. 2012ರಲ್ಲಿ ಬಂದ ಕಾಯ್ದೆ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಲ್ಲಿಸಿತು. ಆದರೆ ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ಗಾಡಿಯ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರಿಂದ ವಸೂಲು ಮಾಡಲು ದಾರಿಯನ್ನೂ ಮಾಡಿಕೊಟ್ಟಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಂದೆ ಪಾರ್ಕಿಂಗ್‌ಐ ಕಂಪನಿ ಮತ್ತು ಬೀವಿಸ್ ಎಂಬವರ ನಡುವಿನ ಪ್ರಕರಣ ಬಂತು. ಎರಡು ಗಂಟೆ ಉಚಿತವಾಗಿದ್ದ ಜಾಗದಲ್ಲಿ ಸುಮಾರು ಒಂದು ಗಂಟೆ ಜಾಸ್ತಿ ನಿಂತದ್ದಕ್ಕೆ 85 ಪೌಂಡ್ ಕೇಳಿದ್ದರು. ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಖ್ಯ ಕಾರಣಗಳಲ್ಲಿ ಒಂದು, ಅಲ್ಲಿ ದೊಡ್ಡ ಅಕ್ಷರದ ಬೋರ್ಡುಗಳು ಎಲ್ಲ ಕಡೆ ಇದ್ದವು. ಹಾಗಾಗಿ ಆ ಸಲಹೆ ಆ ದೇಶಕ್ಕೇ ಹಳತಾಗಿದೆ. ನಮ್ಮ ಕಾನೂನು ಬೇರೆ. ಅದೇ ನಿಮ್ಮ ಮಗಳಿಗೆ ಹೆಚ್ಚು ಸಹಾಯ ಮಾಡುತ್ತದೆ.

ನಮ್ಮಲ್ಲಿ 1872ರ ಕರಾರು ಕಾಯ್ದೆ ಇದೆ. ಅದರ 74ನೇ ಕಲಂ ಪ್ರಕಾರ ಕರಾರಿನಲ್ಲಿ ದಂಡ ಎಂದು ಇಷ್ಟು ಮೊತ್ತ ಬರೆದಿದ್ದರೂ ಅದನ್ನು ಹಾಗೇ ವಸೂಲು ಮಾಡುವಂತಿಲ್ಲ. ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ. 2015ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೈಲಾಶ್ ನಾಥ್ ಪ್ರಕರಣದಲ್ಲಿ ಇದನ್ನು ಮತ್ತೆ ಬಿಡಿಸಿ ಹೇಳಿದೆ. ನಷ್ಟವನ್ನು ತೋರಿಸಲು ಸಾಧ್ಯವಿರುವ ಕಡೆ ತೋರಿಸಲೇಬೇಕು. ಈಗ ನೀವೇ ಯೋಚಿಸಿ. ದಿನಕ್ಕೆ 5 ರೂಪಾಯಿಯ ಜಾಗದಲ್ಲಿ ಸ್ಕೂಟರ್ ಗೆರೆಯಿಂದ ಸ್ವಲ್ಪ ಆಚೆ ನಿಂತರೆ ಗುತ್ತಿಗೆದಾರರಿಗೆ ನೂರು ದಿನದ ಶುಲ್ಕದಷ್ಟು ನಷ್ಟ ಆಗುತ್ತದೆಯೇ? 15 ದಿನ ಕಳೆದ ಮಾತ್ರಕ್ಕೆ ಆ ನಷ್ಟ ಎರಡು ಪಟ್ಟು ಆಗುತ್ತದೆಯೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೂಡ ನಷ್ಟಕ್ಕೆ ತಾಳೆಯೇ ಆಗದ ದಂಡ ಹಾಕುವ ಕರಾರನ್ನು ಅನ್ಯಾಯದ ಕರಾರು ಎಂದೇ ಪಟ್ಟಿ ಮಾಡಿದೆ.

ಅದಕ್ಕೂ ಮೊದಲು ಕರಾರು ಆಗಿತ್ತೇ ಎಂಬ ಪ್ರಶ್ನೆಯಿದೆ. ಗಾಡಿ ನಿಲ್ಲಿಸುವ ಮೊದಲೇ ಕಣ್ಣಿಗೆ ಬೀಳುವಂತೆ, ಕನ್ನಡದಲ್ಲಿ, ದಂಡದ ಮೊತ್ತವನ್ನೂ ಬರೆದ ಬೋರ್ಡು ಇತ್ತೇ? ಶುಲ್ಕ 5 ರೂಪಾಯಿ ಎಂದಷ್ಟೇ ಬರೆದಿದ್ದರೆ ನಿಮ್ಮ ಮಗಳು ಒಪ್ಪಿದ್ದು ಅಷ್ಟಕ್ಕೇ. ಹಳದಿ ಗೆರೆಯನ್ನೂ ಹೋಗಿ ನೋಡಿ. ಶಿರಸಿಯ ಮಳೆಗಾಲದಲ್ಲಿ ನೆಲದ ಮೇಲಿನ ಬಣ್ಣ ಎಷ್ಟು ದಿನ ನಿಲ್ಲುತ್ತದೆ ಎಂದು ನಿಮಗೇ ಗೊತ್ತು. ಪಾಚಿ ಕಟ್ಟಿದೆಯೇ, ನೀರು ನಿಂತಿದೆಯೇ, ಗೆರೆಯೊಳಗೆ ಜಾಗ ಉಳಿದಿತ್ತೇ, ಎಲ್ಲದರ ಫೋಟೋ ತೆಗೆಯಿರಿ. ಬೋರ್ಡು ಇಲ್ಲದಿದ್ದರೆ ಆ ಖಾಲಿ ಜಾಗದ ಫೋಟೋವನ್ನೂ ಇವತ್ತೇ ತೆಗೆದಿಡಿ. ನಿಮ್ಮ ಪತ್ರ ತಲುಪಿದ ಮೇಲೆ ಬೋರ್ಡು ಬರಬಹುದು.

ನನಗೆ ನಿಜವಾಗಿ ಸಂಕಟವಾಗುವ ವಿಷಯ ಬೇರೆ ಇದೆ. ಗೆರೆ ಎಳೆಯುವುದೂ ಗುತ್ತಿಗೆದಾರರೇ, ತಪ್ಪು ಹಿಡಿಯುವುದೂ ಅವರೇ, ದುಡ್ಡು ಹೋಗುವುದೂ ಅವರಿಗೇ. ಮಕ್ಕಳು ಹೆಚ್ಚು ತಪ್ಪಿದಷ್ಟೂ ಆದಾಯ ಹೆಚ್ಚು. ಹೀಗಿದ್ದಾಗ ಮಾಸಿದ ಗೆರೆಗೆ ಬಣ್ಣ ಬಳಿಯಲು ಯಾರಿಗೆ ಮನಸ್ಸು ಬರುತ್ತದೆ? ಗಾಡಿ ಜಾಸ್ತಿಯಾದಾಗ ಇನ್ನಷ್ಟು ಜಾಗ ಮಾಡಿಕೊಡಲು ಯಾರಿಗೆ ಆತುರ? ಇದು ಗುತ್ತಿಗೆದಾರರ ಗುಣದ ಮಾತಲ್ಲ. ಕಾಲೇಜು ಮಾಡಿಕೊಂಡ ಏರ್ಪಾಡೇ ತಪ್ಪು. ಶಿಸ್ತು ಕಾಪಾಡುವುದು ಕಾಲೇಜಿನ ಕೆಲಸ. ಅದನ್ನು ಹೊರಗಿನವರಿಗೆ ಮಾರಿ, ಮಕ್ಕಳು ಬಂದು ಕೇಳಿದಾಗ 'ಅದು ಅವರಿಗೆ ಬಿಟ್ಟದ್ದು' ಎನ್ನುವಂತಿಲ್ಲ. ನಿಮ್ಮ ಮಗಳು ಪ್ರವೇಶ ಪಡೆದದ್ದು ಕಾಲೇಜಿಗೆ.

ಅವಳು ಷೋಕಿಗೆ ಗಾಡಿ ತರುತ್ತಿಲ್ಲ ಅನ್ನುವುದನ್ನೂ ಕಾಲೇಜು ನೆನಪಿಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಸರ್ಕಾರಿ ಬಸ್ಸು ಉಚಿತ. ಲ್ಯಾಬ್ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೋಗಿಬಿಟ್ಟಿದ್ದರೆ ಉಚಿತ ಟಿಕೆಟ್ ಇಟ್ಟುಕೊಂಡು ಏನು ಮಾಡಬೇಕು? ಬನವಾಸಿ ಕಡೆಯಿಂದ, ಸಾಲ್ಕಣಿ ಕಡೆಯಿಂದ ಬರುವ ಮಕ್ಕಳದೂ ಇದೇ ಪಾಡು. ಕೆಳಗೆ ಕಾರವಾರದಲ್ಲಿ ಮಲ್ಲಾಪುರ, ಕದ್ರಾ ಕಡೆಯಿಂದ ಬರುವವರದೂ ಬೇರೆ ಅಲ್ಲ.

ಹಾಲ್ ಟಿಕೆಟ್ ತಡೆಯುತ್ತೇವೆ ಎಂಬ ಸಾಲು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಜಿಲ್ಲೆಯ ಬಿ.ಎಸ್ಸಿ. ಮಕ್ಕಳ ಪರೀಕ್ಷೆ ಸಾಮಾನ್ಯವಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಪರೀಕ್ಷಾ ಶುಲ್ಕ ಕಟ್ಟಿ, ಹಾಜರಾತಿ ಇರುವ ಹುಡುಗಿಯ ಪರೀಕ್ಷೆಗೂ ಪಾರ್ಕಿಂಗ್ ಗುತ್ತಿಗೆಗೂ ಏನು ಸಂಬಂಧ? ಇದನ್ನು ಪ್ರಾಂಶುಪಾಲರಿಗೆ ನೇರವಾಗಿ ಕೇಳಿ: ಈ ಸಾಲು ಬರೆಯಲು ಕಾಲೇಜು ಅನುಮತಿ ಕೊಟ್ಟಿದೆಯೇ, ಇಲ್ಲವೇ? ಪ್ರವೇಶದ ವೇಳೆ ಕಟ್ಟಿದ ಡಿಪಾಸಿಟ್ಟಿನಿಂದ ಈ ಹಣ ಮುರಿದುಕೊಳ್ಳಬಾರದು ಎಂದೂ ಪತ್ರದಲ್ಲಿ ಸೇರಿಸಿ. ಅದು ಸದ್ದಿಲ್ಲದೆ ನಡೆದುಹೋಗಬಹುದು.

ಕಾಲೇಜು ಉತ್ತರ ಕೊಡದಿದ್ದರೆ ದಾರಿಯಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ಮಾಡಿದ ನಿಯಮದಂತೆ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಪ್ರವೇಶದ ಸಮಯದಲ್ಲಿ ಪ್ರಕಟಿಸಿದ್ದಕ್ಕಿಂತ ಹೆಚ್ಚು ಹಣ ಕೇಳುವುದೂ ಅಲ್ಲಿ ದೂರಿನ ವಿಷಯ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಸರಿಯೆನ್ನಿಸದಿದ್ದರೆ ವಿದ್ಯಾರ್ಥಿಗಳ ದೂರು ವಿಚಾರಿಸಲೆಂದೇ ಇರುವ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಕಾಲೇಜು ಸರ್ಕಾರಿಯಾಗಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಗುತ್ತಿಗೆ ಕರಾರಿನ ಪ್ರತಿಯನ್ನೇ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ದಂಡದ ವಿಷಯ ಆ ಕರಾರಿನಲ್ಲಿ ಇಲ್ಲದೇ ಹೋದರೆ ಗುತ್ತಿಗೆದಾರರ ಕೈಯಲ್ಲಿ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಗ್ರಾಹಕ ಆಯೋಗ ಕೊನೆಯ ಮೆಟ್ಟಿಲು. ಜಿಲ್ಲೆಯದು ಕಾರವಾರದಲ್ಲಿದೆ. ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆದರೂ 500 ರೂಪಾಯಿಗಾಗಿ ದೇವಿಮನೆ ಘಟ್ಟ ಇಳಿದು ಅಲೆಯಿರಿ ಎಂದು ನಾನು ಹೇಳಲಾರೆ. ಮೊದಲು ಗ್ರಾಹಕರ 1915 ಸಹಾಯವಾಣಿಗೆ ಫೋನ್ ಮಾಡಿ ನೋಡಿ. ಇಂಥದೇ ಚೀಟಿ ಸಿಕ್ಕ ಐವತ್ತು ಮಕ್ಕಳು ಒಟ್ಟಾಗಿ ಹೊರಟರೆ ಮಾತು ಬೇರೆ. ಆಗ ಖಂಡಿತ ಹೋಗಿ.

ಮಗಳ ಹತ್ತಿರ ಒಂದು ಮಾತು ಕೇಳಲೇಬೇಕು. ಗಾಡಿ ನಿಂತದ್ದು ಎಲ್ಲಿ? ಆಂಬ್ಯುಲೆನ್ಸ್ ಬರುವ ದಾರಿ, ಗಾಲಿಕುರ್ಚಿಯ ಇಳಿಜಾರು, ಲ್ಯಾಬಿನ ಬಾಗಿಲು, ಇಂಥ ಕಡೆ ನಿಂತಿದ್ದರೆ ನಾನು ಅವಳ ಪಕ್ಷ ವಹಿಸುವುದಿಲ್ಲ. ಆಗ ತಪ್ಪು ಒಪ್ಪಿಕೊಳ್ಳಲಿ. ಕಾಲೇಜು ಅವಳ ಪಾರ್ಕಿಂಗ್ ಪಾಸನ್ನು ಒಂದು ವಾರ ತಡೆಹಿಡಿದರೂ ಸರಿಯೇ. ಅಂಥ ಶಿಕ್ಷೆ ಎಲ್ಲರಿಗೂ ಒಂದೇ ಥರ ತಟ್ಟುತ್ತದೆ. 500 ರೂಪಾಯಿ ಹಾಗಲ್ಲ. ಒಬ್ಬರಿಗೆ ಒಂದು ಸಿನಿಮಾ ಸಂಜೆ, ಇನ್ನೊಬ್ಬರಿಗೆ ಅಡಿಕೆ ಸುಲಿದ ಕೂಲಿ.

ಮಗನ ವಿಷಯ ನೀವು ಕೇಳಿಲ್ಲ, ಆದರೆ ಬಿಡಲಾಗುತ್ತಿಲ್ಲ. ಅವನಿಗೆ ಹದಿನೆಂಟು ತುಂಬಿಲ್ಲದೆ, ಲೈಸೆನ್ಸ್ ಇಲ್ಲದೆ ಸ್ಕೂಟರ್ ಒಯ್ಯುತ್ತಿದ್ದರೆ ಇವತ್ತೇ ಕೀಲಿ ತೆಗೆದುಕೊಳ್ಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ದಂಡ ಹಾಕುವವರಿಗೆ ಪೂರ್ತಿ ಅಧಿಕಾರ ಇದೆ. ಅದಕ್ಕಿಂತ ಹೆಚ್ಚಾಗಿ, ಮಳೆಗಾಲದ ಆ ರಸ್ತೆಯಲ್ಲಿ ಹುಡುಗನ ಜೀವದ ಪ್ರಶ್ನೆ.

ಪ್ರಾಂಶುಪಾಲರಿಗೆ ಬರೆಯುವ ಪತ್ರ ಒಂದು ಪುಟ ಸಾಕು. ಚೀಟಿಯ ನಕಲು, ಫೋಟೋ, ದಿನದ ಶುಲ್ಕದ ರಸೀದಿ ಜೊತೆಗಿಡಿ. ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಉತ್ತರ ಬಂದರೆ ನಮಗೊಂದು ಪ್ರತಿ ಕಳಿಸಿ, ಕಾಲೇಜಿನ ಹೆಸರಿಲ್ಲದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಪಾರ್ಕಿಂಗ್ ಗುತ್ತಿಗೆ ನಡೆಸುವವರು ತಮ್ಮ ಕಷ್ಟ ಬರೆದು ಕಳಿಸಿದರೆ ಅದಕ್ಕೂ ಇಷ್ಟೇ ಜಾಗ ಕೊಡುತ್ತೇವೆ.

ಸಂಪಾದಕ