ನಾಲ್ಕನೇ ಕಾಲಂ ಖಾಲಿಯೇ ಇರಲಿ

(ಯುವಕನ ಒಪ್ಪಿಗೆ ಪಡೆದು ಬರೆದ ಪ್ರಕರಣ. ಗುರುತು ಸಿಗದಂತೆ ವಯಸ್ಸು, ತಾಲ್ಲೂಕು, ಓದು, ಮನೆಯವರ ವಿವರ ಬದಲಿಸಿದೆ.)

ಹೊಸನಗರ ಕಡೆಯ ಅಡಿಕೆ ತೋಟದ ಮನೆ. ಮಗನಿಗೆ 19 ವರ್ಷ, ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಎರಡನೇ ವರ್ಷದ ಪದವಿ ಓದುತ್ತಿದ್ದ. ಹೈಸ್ಕೂಲಿನಿಂದಲೂ ಬಡಗುತಿಟ್ಟು ಯಕ್ಷಗಾನದ ಹವ್ಯಾಸಿ ತಂಡದಲ್ಲಿ ವೇಷ ಮಾಡುತ್ತಿದ್ದ. ಆಟದ ಆರಂಭದ ಬಾಲಗೋಪಾಲ, ಪೀಠಿಕಾ ಸ್ತ್ರೀವೇಷಗಳನ್ನು ದಾಟಿ ಈಗ ಪ್ರಭಾವತಿ, ಅಂಬೆಯಂಥ ಪಾತ್ರ ಸಿಗುತ್ತಿತ್ತು. ಮಳೆಗಾಲಕ್ಕೆ ಮುಂಚಿನ ಕೊನೆಯ ಆಟದಲ್ಲಿ, ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕುಪ್ಪಸ ಬಿಚ್ಚುತ್ತಿದ್ದವನನ್ನು ದೊಡ್ಡಪ್ಪನ ಮಗ ಮೊಬೈಲಿನಲ್ಲಿ ಹಿಡಿದ. ಅರ್ಧ ನಿಮಿಷದ ವಿಡಿಯೋ, ಕೆಳಗೊಂದು ಅಡ್ಡಹೆಸರು. ವಾಟ್ಸಾಪ್ ಸ್ಟೇಟಸ್ಸಿನಿಂದ ಅದು ಕಾಲೇಜಿಗೂ ಹೋಯಿತು, ಅಪ್ಪಯ್ಯನ ಫೋನಿಗೂ ಬಂತು. ಅಪ್ಪಯ್ಯ ಗೆಜ್ಜೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮಗ ಮೂರು ವಾರ ಕಾಲೇಜಿಗೆ ಹೋಗಲಿಲ್ಲ, ಮನೆಯಲ್ಲಿ ಊಟಕ್ಕೆ ಕರೆದರೂ ಬಾಯಿ ಬಿಡಲಿಲ್ಲ. ಆಗಸ್ಟ್ ಮೊದಲ ವಾರ ಅಪ್ಪ, ಅಮ್ಮ, ಮಗ ಮೂವರೂ ಆಪ್ತಸಲಹೆಗೆ ನನ್ನ ಬಳಿ ಬಂದರು.

ಅಪ್ಪಯ್ಯನ ಮೊದಲ ಮಾತು: "ಇವ ಗಂಡಸೋ ಹೆಂಗಸೋ, ಒಂದು ತೀರ್ಮಾನ ಹೇಳಿಬಿಡಿ ಮೇಡಂ." ಅಮ್ಮನದು ಬೇರೆ: "ಇದಕ್ಕೆ ಮಾತ್ರೆ ಎಂತಾದ್ರೂ ಉಂಟಾ?"

ಈ ಎರಡೂ ಪ್ರಶ್ನೆಗೆ ಅಂದು ಉತ್ತರ ಕೊಡಲಿಲ್ಲ. ಇಪ್ಪತ್ತು ನಿಮಿಷ ಮೂವರೊಂದಿಗೆ, ಉಳಿದ ನಲವತ್ತು ನಿಮಿಷ ಯುವಕನೊಬ್ಬನೊಂದಿಗೇ ಮಾತು. ಅವನ ಮಾತು ಅವನ ಅನುಮತಿಯಿಲ್ಲದೆ ಮನೆಯವರಿಗೆ ತಲುಪುವುದಿಲ್ಲ, ಜೀವಕ್ಕೆ ಅಪಾಯ ಕಂಡರೆ ಮಾತ್ರ ತಿಳಿಸಲಾಗುತ್ತದೆ ಎಂದು ಅಪ್ಪ ಅಮ್ಮನ ಎದುರಿಗೇ ಹೇಳಿಯಾಯಿತು. ಮಗನಿಗೆ ಒಳಗೆ ಪಿಸುಮಾತಿನಲ್ಲಿ ಭರವಸೆ ಕೊಟ್ಟರೆ ಸಾಲದು. ಹೊರಗೆ ಕೂತವರೂ ಆ ನಿಯಮ ಕೇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಮನೆಗೆ ಹೋಗುವ ದಾರಿಯಲ್ಲೇ "ಎಂತ ಹೇಳಿದೆ?" ಎಂಬ ವಿಚಾರಣೆ ಶುರುವಾಗುತ್ತದೆ.

ಒಬ್ಬನೇ ಇದ್ದಾಗ ಮೊದಲು ಕೇಳಿದ್ದು ಯಕ್ಷಗಾನದ ಬಗ್ಗೆ ಅಲ್ಲ, ಸಾವಿನ ಬಗ್ಗೆ. "ಬದುಕುವುದೇ ಬೇಡ ಅನ್ನಿಸಿದ್ದುಂಟಾ?" ಎಂದು ನೇರವಾಗಿಯೇ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕೇಳಿಸಿಕೊಂಡವರಿಗೆ ಅದರಿಂದ ಎದೆ ಹಗುರಾಗುವುದೇ ಹೆಚ್ಚು. ಗೆಜ್ಜೆಗೆ ಬೀಗ ಬಿದ್ದ ರಾತ್ರಿ ಅನ್ನಿಸಿತ್ತು, ಈಗ ಇಲ್ಲ ಎಂದ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ ಅದು. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳು ಜಗಲಿಯ ಮೂಲೆಯಲ್ಲೋ ಕೊಟ್ಟಿಗೆಯಲ್ಲೋ ಕೈಗೆಟಕುವಂತೆ ಇರುತ್ತವೆ. ಅವನ ಅನುಮತಿ ಪಡೆದು ಅಮ್ಮನಿಗೆ ಅಂದೇ ಹೇಳಿದ ಕೆಲಸ ಒಂದೇ: ಎಲ್ಲ ಡಬ್ಬಗಳನ್ನೂ ಒಂದು ಪೆಟ್ಟಿಗೆಗೆ ಹಾಕಿ ಬೀಗ ಹಾಕುವುದು, ಕೀಲಿಕೈ ಪಕ್ಕದ ಮನೆಯ ಭಾವನ ಹತ್ತಿರ ಇಡುವುದು. ಆ ಗಳಿಗೆ ಬಂದಾಗ ವಿಷ ಕೈಗೆ ಸಿಗದಿದ್ದರೆ ಗಳಿಗೆ ದಾಟಿಹೋಗುವ ಸಾಧ್ಯತೆ ದೊಡ್ಡದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮೂವರ ಫೋನಿನಲ್ಲೂ ಉಳಿಸಿಕೊಳ್ಳಲು ಹೇಳಲಾಯಿತು. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಗೆ ಅವನಿಗೆ ಒಂದು ಹಾಳೆ, ನಾಲ್ಕು ಕಾಲಂ. ಮೊದಲನೆಯದು ವೇಷ: ರಂಗದ ಮೇಲೆ ಏನಾಗುತ್ತೇನೆ. ಎರಡನೆಯದು ನಡೆನುಡಿ: ದನಿ, ಕೈ ಆಡಿಸುವ ರೀತಿ, ಬಟ್ಟೆ, ಕೂದಲು. ಮೂರನೆಯದು ಒಳಗಿನ ಗುರುತು: ಒಬ್ಬನೇ ಇದ್ದಾಗ ನನ್ನನ್ನು ಗಂಡೆಂದೋ ಹೆಣ್ಣೆಂದೋ ಎರಡೂ ಅಲ್ಲವೆಂದೋ ಹೇಗೆ ಅರಿತುಕೊಳ್ಳುತ್ತೇನೆ. ನಾಲ್ಕನೆಯದು ಆಕರ್ಷಣೆ: ಮನಸ್ಸು ಯಾರ ಕಡೆ ಹೋಗುತ್ತದೆ. ಒಂದು ವಾರ ದಿನಕ್ಕೆ ಹತ್ತು ನಿಮಿಷ ಬರೆಯಬೇಕು. ತೋರಿಸಲೇಬೇಕೆಂದಿಲ್ಲ, ಖಾಲಿ ಬಿಡಬಹುದು, ಬರೆದದ್ದನ್ನು ಹೊಡೆದುಹಾಕಬಹುದು.

ಊರಿನವರು ಈ ನಾಲ್ಕನ್ನೂ ಒಂದೇ ಹಗ್ಗಕ್ಕೆ ಹೊಸೆಯುತ್ತಾರೆ. ದನಿ ಮೆತ್ತಗಿದ್ದರೆ ಗುರುತೇ ಬೇರೆ ಅನ್ನುತ್ತಾರೆ, ಸ್ತ್ರೀವೇಷ ಮಾಡಿದರೆ ಆಕರ್ಷಣೆಯೇ ಬೇರೆ ಅನ್ನುತ್ತಾರೆ. ಒಂದನ್ನು ನೋಡಿ ಇನ್ನೊಂದನ್ನು ಹೇಳಲು ಬರುವುದಿಲ್ಲ. ಯಕ್ಷಗಾನದಲ್ಲಿ ತಲೆಮಾರುಗಳಿಂದ ಸ್ತ್ರೀವೇಷಗಳನ್ನು ಮಾಡುತ್ತ ಬಂದವರು ಗಂಡಸರೇ. ಲಾಲಿತ್ಯ ಅವರು ಕಲಿತ ವಿದ್ಯೆ. ಕಣ್ಣಿನ ಚಲನೆ, ಸೊಂಟದ ಬಾಗು, ಹೆಜ್ಜೆಯ ಅಂತರ ಎಲ್ಲವೂ ಅಭ್ಯಾಸದಿಂದ ಬಂದದ್ದು.

ಹಾಳೆ ವಾಪಸು ಬಂದಾಗ ಮೊದಲ ಮೂರು ಕಾಲಂ ತುಂಬಿತ್ತು. ರಂಗದಲ್ಲಿ ಪೂರ್ತಿ ಹೆಣ್ಣು, ಬಣ್ಣ ತೊಳೆದ ಮೇಲೆ ಕೈ ಮಾತ್ರ ಅರ್ಧ ದಿನ ಹಾಗೇ ಇರುತ್ತದೆ, ಅದು ತನಗೆ ಇಷ್ಟ, ತಾನು ಗಂಡಸೇ, ಅದನ್ನು ಯಾರಿಗೂ ಸಾಬೀತು ಮಾಡುವ ಮನಸ್ಸಿಲ್ಲ ಎಂದು ಬರೆದಿದ್ದ. ನಾಲ್ಕನೆಯದು ಖಾಲಿ. ಆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಲಹೆಗಾರರಾದವರು ಇಲ್ಲಿ ಕುತೂಹಲ ತಡೆದುಕೊಳ್ಳಬೇಕು. ಹತ್ತೊಂಬತ್ತರ ವಯಸ್ಸಿಗೆ ಆ ಕಾಲಂ ತುಂಬಲೇಬೇಕೆಂಬ ಅವಸರ ಅವನಿಗಿಂತ ಸುತ್ತಲಿನವರಿಗೇ ಜಾಸ್ತಿ.

ತೊಡಕು ಕಂಡದ್ದು ಮೂರನೇ ಭೇಟಿಯಲ್ಲಿ. ಗೇಲಿಯ ಮಾತು ಬಂದಾಗ ಅವನು ಸಿಟ್ಟಿನಿಂದ, "ನಾನೇನು ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಾಳೆ ತಟ್ಟುವವರ ಹಾಗಾ ಮೇಡಂ?" ಎಂದ. ಜೊತೆಗೊಂದು ಕೀಳು ಪದವನ್ನೂ ಸೇರಿಸಿದ. ದೊಡ್ಡಪ್ಪನ ಮಗ ವಿಡಿಯೋದ ಕೆಳಗೆ ಬರೆದದ್ದು ಅದೇ ಪದ.

ಇಂಥ ಕಡೆ ಸಲಹೆಗಾರರು ಸುಮ್ಮನಾಗುವುದುಂಟು. ನೊಂದವನನ್ನು ಇನ್ನಷ್ಟು ನೋಯಿಸುವುದೇಕೆ ಎಂಬ ಸದ್ಭಾವನೆ ಅದು. ಆದರೆ ಅದು ತಪ್ಪು. ತನಗೆ ಬಿದ್ದ ಕಲ್ಲನ್ನೇ ಎತ್ತಿ ತನಗಿಂತ ಬಡಪಾಯಿಯ ಮೇಲೆ ಎಸೆದರೆ ಕಲ್ಲೇನೂ ಕರಗುವುದಿಲ್ಲ. ಆ ಪದ ಬೈಗುಳ ಎಂದು ಅವನೇ ಒಪ್ಪಿಕೊಂಡಷ್ಟು ಕಾಲ ಅದು ಅವನನ್ನು ಚುಚ್ಚುತ್ತಲೇ ಇರುತ್ತದೆ. ಇದನ್ನು ಅವನಿಗೆ ಗದರದೆ, ಹೀಗೆಯೇ ಹೇಳಲಾಯಿತು. ಒಂದಿಷ್ಟು ಸಂಗತಿಯನ್ನೂ ಮುಂದಿಡಲಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಗುರುತನ್ನು ತಾವೇ ನಿರ್ಧರಿಸಿಕೊಳ್ಳಬಹುದು ಎಂದು ತೀರ್ಪು ಕೊಟ್ಟಿತು. ಜೋಗತಿ ನೃತ್ಯದ ಕಲಾವಿದೆ, ಟ್ರಾನ್ಸ್‌ಜೆಂಡರ್ ಮಹಿಳೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ಜಾನಪದ ಕಲೆಯ ಹಾದಿಯಲ್ಲಿ ಅವನಿಗಿಂತ ಬಹಳ ಮುಂದೆ ನಡೆದ ಹಿರಿಯರು ಅವರು. ಅವನು ತಲೆ ತಗ್ಗಿಸಿ ಕೂತ. ನಾಚಿಸುವುದು ಉದ್ದೇಶವಾಗಿರಲಿಲ್ಲ, ಹಾಗಾಗಿ ಮಾತು ಅಲ್ಲಿಗೇ ನಿಲ್ಲಿಸಿ ಕೆಲಸ ಕೊಡಲಾಯಿತು.

"ನಾನು ಇಂಥವನಲ್ಲ" ಎಂಬ ಹತ್ತು ವಾಕ್ಯ ಬರೆಯುವುದು. ನಂತರ ಒಂದೊಂದನ್ನೂ "ಅಲ್ಲ" ಎಂಬ ಪದವಿಲ್ಲದೆ, ಯಾರನ್ನೂ ಕೆಳಗೆ ತಳ್ಳದೆ ತಿದ್ದುವುದು. "ನಾನು ಅವರ ಹಾಗಲ್ಲ" ಎಂಬುದು "ನಾನು ಸ್ತ್ರೀವೇಷ ಕಲಿತ ಗಂಡಸು" ಆಯಿತು. "ನಾನು ಹೆಣ್ಣಿಗ ಅಲ್ಲ" ಎಂಬುದಕ್ಕೆ ಎರಡು ದಿನ ತಿಣುಕಾಡಿ "ನನ್ನ ದನಿ ಮೆತ್ತಗೆ, ಹಾಗೇ ಇರಲಿ" ಎಂದು ಬರೆದ. ಹತ್ತರಲ್ಲಿ ಮೂರು ವಾಕ್ಯ ತಿದ್ದಲು ಆಗಲೇ ಇಲ್ಲ. ಅವನ್ನು ಹಾಗೆಯೇ ಇಟ್ಟುಕೊಂಡಿದ್ದಾನೆ.

ಇದಾದ ಮೇಲೆ ಅವನು, ಲಿಂಗತ್ವ ಅಲ್ಪಸಂಖ್ಯಾತರನ್ನು ಭೇಟಿ ಮಾಡಿ "ಅರ್ಥ ಮಾಡಿಕೊಳ್ಳುತ್ತೇನೆ" ಎಂದು ಉತ್ಸಾಹ ತೋರಿಸಿದ. ಅದಕ್ಕೆ ತಡೆ ಹಾಕಬೇಕಾಯಿತು. ನೋಡಲು ಹೋಗುವುದರಿಂದ ಪೂರ್ವಗ್ರಹ ಕರಗುವುದಿಲ್ಲ, ಎದುರಿನವರು ಪ್ರದರ್ಶನದ ವಸ್ತುವಾಗುತ್ತಾರೆ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ ಷರತ್ತುಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ: ಇಬ್ಬರೂ ಸಮಾನ ಸ್ಥಾನದಲ್ಲಿರಬೇಕು, ಗುರಿ ಒಂದೇ ಇರಬೇಕು, ಸೇರಿ ದುಡಿಯಬೇಕು, ಸಂಸ್ಥೆಯ ಬೆಂಬಲ ಬೇಕು. ಒಟ್ಟಿಗೆ ಒಂದು ಪ್ರದರ್ಶನ ಕಟ್ಟುವ ಸಂದರ್ಭ ಬಂದರೆ ಹೋಗು, ಅಲ್ಲಿಯವರೆಗೆ ಆ ಪದವನ್ನು ಬಾಯಿಂದ ಬಿಡು, ಗೆಳೆಯರು ಅಂದಾಗ ನಗಬೇಡ. ಅಷ್ಟೇ ಸಲಹೆ.

ಗೇಲಿಗೆ ಉತ್ತರ ಅಭ್ಯಾಸ ಮಾಡಿಸಿದ್ದು ಹೀಗೆ. ವಾಕ್ಯ ಚಿಕ್ಕದು: "ನನ್ನ ಹೆಸರು ಹಿಡಿದು ಕರಿ. ಆ ಹೆಸರಿಗೆ ನಾನು ತಿರುಗುವುದಿಲ್ಲ." ನಿಂತು, ಉಸಿರು ಪೂರ್ತಿ ಬಿಟ್ಟು, ಹತ್ತು ಸಲ ಜೋರಾಗಿ ಹೇಳುವುದು. ಹೇಳಿದ ಮೇಲೆ ಅಲ್ಲಿಂದ ಹೊರಡುವುದು. ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಹೇಳಿದ ಮೇಲೆ ಸಮಜಾಯಿಷಿಗೆ ಇಳಿಯುವುದು. ಇನ್ನೊಂದು, ಮೊದಲ ಪ್ರಯತ್ನವನ್ನೇ ಗುಂಪಿನ ಮುಂದೆ ಮಾಡುವುದು. ಗುಂಪಿನಲ್ಲಿ ಗೇಲಿ ಮಾಡುವವನಿಗೆ ಪ್ರೇಕ್ಷಕರಿರುತ್ತಾರೆ. ಅತಿ ಮೆತ್ತಗಿನವನನ್ನು, ಒಬ್ಬನೇ ಸಿಕ್ಕಾಗ, ಮೊದಲು ಮಾತಾಡಿಸಬೇಕು. ಅವನು ರೂಮಿನ ಗೆಳೆಯನಿಂದ ಶುರುಮಾಡಿದ. ಗೆಳೆಯ ಕ್ಷಮೆ ಕೇಳಿದ, ನಾಲ್ಕು ದಿನ ಬಿಟ್ಟು ಮತ್ತೆ ಅದೇ ಹೆಸರು ಕರೆದ, ಮತ್ತೆ ಹೇಳಿದಾಗ ನಿಲ್ಲಿಸಿದ.

ಕಾಲೇಜಿನೊಳಗಿನ ಗೇಲಿಯನ್ನು ಸಹಿಸಬೇಕಾದ್ದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ರ‍್ಯಾಗಿಂಗ್ ತಡೆ ನಿಯಮಗಳಿಗೆ 2016ರಲ್ಲಿ ತಿದ್ದುಪಡಿಯಾಗಿ, ಲಿಂಗತ್ವ, ಲೈಂಗಿಕ ಒಲವು, ರೂಪ, ಜಾತಿ, ಭಾಷೆ ಮುಂತಾದ ಕಾರಣಕ್ಕೆ ಹೀಯಾಳಿಸುವುದು, ಹೊರಗಿಡುವುದು ಕೂಡ ರ‍್ಯಾಗಿಂಗ್ ಎಂದಾಗಿದೆ. ಸ್ಟೇಟಸ್ಸಿನ ಸ್ಕ್ರೀನ್‌ಶಾಟುಗಳನ್ನು ದಿನಾಂಕ, ಸಮಯ, ಕಳಿಸಿದವರ ನಂಬರು ಕಾಣುವಂತೆ ತೆಗೆದಿಟ್ಟುಕೊಂಡ. ದೂರು ಬರೆದು ಸಿದ್ಧವಿಟ್ಟ. ಕೊಡಬೇಕಾಗಿ ಬರಲಿಲ್ಲ, ಆದರೆ ಚೀಲದಲ್ಲಿದೆ ಎಂಬ ಧೈರ್ಯದಲ್ಲೇ ಮತ್ತೆ ತರಗತಿಗೆ ಹೋದ.

ಅಪ್ಪಯ್ಯನ ಜೊತೆಗಿನ ಕೆಲಸ ನಿಧಾನ. ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿದಾಗ ತಿಳಿದದ್ದು, ಮೂವತ್ತು ವರ್ಷದಿಂದ ಸುತ್ತಮುತ್ತ ಎಲ್ಲಿ ಮೇಳ ಬಂದರೂ ಬೆಳಗಿನ ತನಕ ಕೂತು ನೋಡುವವರು ಅವರು. ಸ್ತ್ರೀವೇಷಧಾರಿಗಳ ಹೆಸರು ಹಿಡಿದು ಹೊಗಳಬಲ್ಲರು. ಇದನ್ನು ಅವರ ಮುಖಕ್ಕೆ ಹಿಡಿದು ಸೋಲಿಸಬಹುದಿತ್ತು. ಸೋತ ಅಪ್ಪ ಮನೆಗೆ ಹೋಗಿ ಇನ್ನೊಂದು ಬೀಗ ಹಾಕುತ್ತಾನೆ. ಬದಲಿಗೆ, "ನಿಮಗೆ ಹೆದರಿಕೆ ಯಾವುದು?" ಎಂದು ಕೇಳಿದಾಗ ಬಹಳ ಹೊತ್ತಿನ ಮೇಲೆ, "ಮೊದಲೇ ತೋಟದ ಮನೆಗೆ ಹೆಣ್ಣು ಕೊಡುವವರಿಲ್ಲ. ಈ ವಿಡಿಯೋ ನೋಡಿದ ಮೇಲೆ?" ಎಂದರು. ಸಿಟ್ಟಿನ ಕೆಳಗೆ ಇದ್ದದ್ದು ಅದು.

ಆಮೇಲೆ ಅವರು ಸಮಾಧಾನದ ಒಂದು ದಾರಿ ತಾವೇ ಹುಡುಕಿಕೊಂಡರು: "ಹಾಗಾದರೆ ಇದು ಬರೇ ವೇಷ. ನನ್ನ ಮಗ ಅಂಥವನಲ್ಲ, ಅಲ್ವಾ?" ಹೌದು ಎಂದಿದ್ದರೆ ಅಂದೇ ಗೆಜ್ಜೆ ಹೊರಬರುತ್ತಿತ್ತು. ಈ ಪ್ರಕರಣದಲ್ಲಿ ಅತ್ಯಂತ ಕಷ್ಟದ ಗಳಿಗೆ ಅದು, ಮತ್ತು ಹೌದು ಎನ್ನದಿದ್ದದ್ದೇ ಸರಿ. "ಅಂಥವನಲ್ಲ" ಎಂಬ ಕಾರಣಕ್ಕೆ ಒಪ್ಪಿಕೊಂಡ ಮಗನನ್ನು, ನಾಳೆ ಅವನು ಬೇರೆ ಏನೋ ಹೇಳಿದರೆ ಮತ್ತೆ ಹೊರಗೆ ಹಾಕಬೇಕಾಗುತ್ತದೆ. ಅವರಿಗೆ ಹೇಳಿದ್ದು ಇಷ್ಟು: "ಅವನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹೇಳುವ ಹಕ್ಕು ಅವನದು. ಅವನು ಏನೇ ಹೇಳಿದರೂ ಅದು ರೋಗವಲ್ಲ." ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ಟ್ರಾನ್ಸ್‌ಜೆಂಡರ್ ಗುರುತು 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯಾಗಿ ಇಲ್ಲ. "ಸರಿ ಮಾಡಿಸುತ್ತೇವೆ" ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ತಿಳಿಸಿದೆ. ಅಮ್ಮನ ಮಾತ್ರೆಯ ಪ್ರಶ್ನೆಗೂ ಅಂದೇ ಉತ್ತರ ಸಿಕ್ಕಿತು. ಅಪ್ಪಯ್ಯ ಮುನಿಸಿಕೊಂಡು ಎದ್ದುಹೋದರು, ಮುಂದಿನ ಭೇಟಿಗೆ ಬರಲಿಲ್ಲ. ಅದರ ಮುಂದಿನದಕ್ಕೆ ಬಂದರು.

ಇಬ್ಬರಿಗೂ ಕೊಟ್ಟ ಅಭ್ಯಾಸ ಬಚ್ಚಲ ಒಲೆಯ ಮುಂದಿನದು. ಮಳೆಗಾಲದ ಸಂಜೆ ಹೇಗೂ ಮೈ ಕಾಯಿಸಲು ಕೂರುತ್ತಾರೆ. ಬೆಂಕಿ ನೋಡುತ್ತ ಕೂತರೆ ಮುಖ ಮುಖ ನೋಡಬೇಕಿಲ್ಲ, ಹೇಳಲಾಗದ ಮಾತು ಆಗ ಸುಲಭವಾಗಿ ಬರುತ್ತದೆ. ವಾರಕ್ಕೆ ಎರಡು ಸಂಜೆ, ಹದಿನೈದು ನಿಮಿಷ. ಒಬ್ಬರು ಐದು ನಿಮಿಷ ಮಾತಾಡಬೇಕು, ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೇಳಿ, ಕೊನೆಗೆ ತಾನು ಕೇಳಿಸಿಕೊಂಡದ್ದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. "ಯಾಕೆ" ಎಂದು ಶುರುವಾಗುವ ಪ್ರಶ್ನೆ ಬೇಡ. ಮೊದಲ ಎರಡು ವಾರ ತೋಟದ ವಿಚಾರ ಮಾತ್ರ. ಮೂರನೇ ಸಂಜೆಯೇ ಅಪ್ಪಯ್ಯ ಮದುವೆಯ ಮಾತೆತ್ತಿದರು, ಮಗ ಎದ್ದುಹೋದ. ವಿಷಯ ತಪ್ಪೆಂದಲ್ಲ, ಮುಂಚೆ ಬಂತು. ಆಮೇಲೆ ಮದುವೆ ಎಂಬ ಪದವನ್ನೇ ಒಲೆಯ ಮುಂದೆ ತರಕೂಡದು, ಅದಕ್ಕೆ ಬೇರೆ ದಿನ ಎಂದು ನಿಯಮ ಸೇರಿಸಲಾಯಿತು.

ಆರು ಭೇಟಿ ಆಗಿದೆ. ವಿಡಿಯೋ ಅಳಿಸಿದೆ, ದೊಡ್ಡಪ್ಪನ ಮಗ ಇನ್ನೂ ಮಾತಾಡಿಲ್ಲ. ಗೆಜ್ಜೆಯ ಕಪಾಟಿನ ಕೀಲಿಕೈ ದೀಪಾವಳಿಯ ಹೊತ್ತಿಗೆ ಅಮ್ಮನ ಕೈಗೆ ಬಂತು, ಅಪ್ಪಯ್ಯ ಕೊಟ್ಟದ್ದು ಒಂದು ಮಾತೂ ಆಡದೆ. ಈಗ ಕೊಯ್ಲು ಶುರುವಾಗಿದೆ. ಮುಗಿದ ಮೇಲೆ, ಫೆಬ್ರವರಿಯಲ್ಲಿ ಏಳನೇ ಭೇಟಿ. ಮದುವೆಯ ವಿಷಯ ಅಂದು ಎತ್ತುವುದೆಂದು ಮೂವರೂ ಒಪ್ಪಿದ್ದಾರೆ, ಮಾತು ಮೊದಲು ಮಗನದೇ ಎಂಬ ಷರತ್ತಿನ ಮೇಲೆ.