ಕಂಪ್ಯೂಟರ್ ಹುಡುಕಿದ ಆಂಟಿಬಯಾಟಿಕ್ ನಮ್ಮಮ್ಮನಿಗೆ ಯಾವಾಗ ಸಿಗುತ್ತದೆ?

ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ಎರಡು ವರ್ಷದಿಂದ ಪದೇ ಪದೇ ಉರಿಮೂತ್ರ. ಈ ಸಲದ ಯೂರಿನ್ ಕಲ್ಚರ್ ರಿಪೋರ್ಟ್‌ನಲ್ಲಿ ಬಹಳಷ್ಟು ಔಷಧಗಳ ಮುಂದೆ ‘ಆರ್’ ಎಂದು ಬಂದಿದೆ. ಕಂಪ್ಯೂಟರ್ ತಾನೇ ಹೊಸ ಆಂಟಿಬಯಾಟಿಕ್ ಕಂಡುಹಿಡಿದಿದೆ ಅಂತ ಓದಿದೆ. ಅದು ಹೇಗೆ? ನಮಗೆ ಯಾವಾಗ ಸಿಗುತ್ತದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಂಥ ರಿಪೋರ್ಟ್‌ಗಳಿಗೆ ದಿನಾ ಸಹಿ ಹಾಕುವುದು ನನ್ನ ಕೆಲಸ. ಸಾಲಾಗಿ ‘ಆರ್’ ಕಂಡಾಗ ನನಗೂ ಸಂಕಟವಾಗುತ್ತದೆ. ‘ಆರ್’ ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತಿಲ್ಲ ಎಂದರ್ಥ.

ನೀವು ಓದಿದ ಸುದ್ದಿ ಬಹುಶಃ ಹ್ಯಾಲಿಸಿನ್ ಬಗ್ಗೆ ಇರಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಿಮ್ ಕಾಲಿನ್ಸ್, ರೆಜಿನಾ ಬಾರ್ಜಿಲೇ, ಜೊನಾಥನ್ ಸ್ಟೋಕ್ಸ್ ಮತ್ತು ಜೊತೆಗಾರರು ಮಾಡಿದ ಕೆಲಸ ಅದು. 2020ರಲ್ಲಿ ಪ್ರಕಟವಾಯಿತು. ಆದರೆ ‘ಕಂಪ್ಯೂಟರ್ ತಾನೇ ಕಂಡುಹಿಡಿಯಿತು’ ಅನ್ನುವುದು ಅರ್ಧ ಸತ್ಯ. ಮೊದಲು ಕೈ ಆಡಿಸಿದ್ದು ಮನುಷ್ಯರೇ.

ಅವರು 2,335 ರಾಸಾಯನಿಕಗಳನ್ನು ತೆಗೆದುಕೊಂಡರು. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಪುಟ್ಟ ಗುಳಿಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಇದ್ದ ದ್ರವ ಹಾಕಿ, ಒಂದೊಂದಕ್ಕೆ ಒಂದೊಂದು ರಾಸಾಯನಿಕ ಸೇರಿಸಿದರು. ಬ್ಯಾಕ್ಟೀರಿಯಾ ಬೆಳೆದರೆ ಗುಳಿ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದೆ. ಬೆಳೆಯದಿದ್ದರೆ ತಿಳಿಯಾಗಿಯೇ ಉಳಿಯುತ್ತದೆ. ಈ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾವನ್ನು ಗಟ್ಟಿಯಾಗಿ ತಡೆದದ್ದು 120 ಮಾತ್ರ.

ಈ ಲೆಕ್ಕವನ್ನೇ ಕಂಪ್ಯೂಟರ್‌ಗೆ ಕೊಟ್ಟರು: ಯಾವ ಅಣುವಿನ ರಚನೆ ಎಂಥದು, ಅದು ಬ್ಯಾಕ್ಟೀರಿಯಾವನ್ನು ತಡೆಯಿತೋ ಇಲ್ಲವೋ. ಎಂಥ ರಚನೆ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂಬುದನ್ನು ಅದು ಆ ಉದಾಹರಣೆಗಳಿಂದಲೇ ಕಲಿಯಿತು. ಆಮೇಲೆ ಬೇರೆ ಬೇರೆ ರೋಗಗಳಿಗೆಂದು ತಯಾರಾಗಿದ್ದ ಸುಮಾರು 6,000 ಅಣುಗಳ ಪಟ್ಟಿಯನ್ನು ಅದರ ಮುಂದಿಟ್ಟರು. ಅದು ಮೇಲಕ್ಕೆ ತಂದ 99 ಅಣುಗಳನ್ನು ಮತ್ತೆ ತಟ್ಟೆಯಲ್ಲಿ ಪರೀಕ್ಷಿಸಿದರು. 51 ನಿಜಕ್ಕೂ ಕೆಲಸ ಮಾಡಿದವು. ಮೊದಲ ಸಲ 2,335ರಲ್ಲಿ 120, ಈಗ 99ರಲ್ಲಿ 51. ಜರಡಿ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ನೋಡಿ.

ಆ 51ರಲ್ಲಿ ಒಂದು, ಹಿಂದೆ ಸಕ್ಕರೆ ಕಾಯಿಲೆಗೆಂದು ಪ್ರಯತ್ನಿಸಿದ್ದ ಅಣು. ಈಗಿರುವ ಯಾವ ಆಂಟಿಬಯಾಟಿಕ್‌ಗೂ ಅದರ ರಚನೆಯ ಹೋಲಿಕೆ ಇಲ್ಲ. ಹಳೆಯ ಔಷಧದ ತಮ್ಮನನ್ನೋ ತಂಗಿಯನ್ನೋ ತಂದರೆ, ಅಣ್ಣನನ್ನು ಸೋಲಿಸಲು ಕಲಿತ ಬ್ಯಾಕ್ಟೀರಿಯಾ ಇದನ್ನೂ ಬೇಗ ಸೋಲಿಸುತ್ತದೆ. ಅದಕ್ಕೇ ಈ ಅಪರಿಚಿತ ಅಣುವಿಗೆ ಬೆಲೆ. ಅದಕ್ಕೆ ಹ್ಯಾಲಿಸಿನ್ ಎಂದು ಹೆಸರಿಟ್ಟರು.

ಬ್ಯಾಕ್ಟೀರಿಯಾ ತನ್ನ ಪೊರೆಯ ಹೊರಗೆ ಪ್ರೋಟಾನ್‌ಗಳನ್ನು ಕೂಡಿಟ್ಟುಕೊಳ್ಳುತ್ತದೆ, ಏರಿಯ ಹಿಂದೆ ಕೆರೆ ನೀರು ನಿಂತ ಹಾಗೆ. ಆ ಒತ್ತಡದಿಂದಲೇ ಅದಕ್ಕೆ ಶಕ್ತಿ. ಹ್ಯಾಲಿಸಿನ್ ಆ ಒತ್ತಡವನ್ನೇ ಹಾಳು ಮಾಡುತ್ತದೆ. ಗೊತ್ತಿರುವ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಅಸಿನೆಟೋಬ್ಯಾಕ್ಟರ್ ತಳಿಯಿಂದ ಇಲಿಗಳ ಚರ್ಮಕ್ಕೆ ಸೋಂಕು ತಗುಲಿಸಿ ಹ್ಯಾಲಿಸಿನ್ ಮುಲಾಮು ಹಚ್ಚಿದರು. 24 ಗಂಟೆಯಲ್ಲಿ ಸೋಂಕು ಹೋಯಿತು. ಲ್ಯಾಬ್‌ನಲ್ಲಿ 30 ದಿನ ಇಟ್ಟರೂ ಇ. ಕೋಲಿ ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳಲಿಲ್ಲ. ನಾವೆಲ್ಲ ಬಳಸುವ ಸಿಪ್ರೊಫ್ಲಾಕ್ಸಸಿನ್‌ಗಾದರೆ ಒಂದರಿಂದ ಮೂರು ದಿನದಲ್ಲೇ ಪ್ರತಿರೋಧ ಶುರುವಾಗಿತ್ತು.

ಈಗ ನಿಮ್ಮ ಎರಡನೇ ಪ್ರಶ್ನೆ. ಹ್ಯಾಲಿಸಿನ್ ಇನ್ನೂ ಮೆಡಿಕಲ್ ಶಾಪ್‌ಗೆ ಬಂದಿಲ್ಲ. ತಾಯಿಯವರ ಚಿಕಿತ್ಸೆಯನ್ನು ಅದಕ್ಕಾಗಿ ಕಾಯಿಸಬೇಡಿ. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ: ವಿಷವಾಗುತ್ತದೆಯೇ, ಎಷ್ಟು ಡೋಸ್ ಬೇಕು, ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದೆಲ್ಲ ನೋಡಬೇಕು. ಆ ದಾರಿಯನ್ನು ಕಂಪ್ಯೂಟರ್ ಇನ್ನೂ ಅಷ್ಟಾಗಿ ಕಿರಿದು ಮಾಡಿಲ್ಲ. ಜೊತೆಗೆ ದುಡ್ಡಿನ ಸಮಸ್ಯೆ. ಪ್ಲಾಜೋಮೈಸಿನ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ತೀವ್ರವಾದ ಮೂತ್ರದ ಸೋಂಕಿಗೇ. ಅದನ್ನು ತಂದ ಅಕೇಯೊಜೆನ್ ಕಂಪನಿ 2019ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಹೊಸ ಆಂಟಿಬಯಾಟಿಕ್ ಅನ್ನು ಕೊನೆಯ ಅಸ್ತ್ರವಾಗಿ ತೆಗೆದಿಡಬೇಕು. ಹಾಗಿಟ್ಟರೆ ಜಾಸ್ತಿ ಮಾರಾಟವಾಗುವುದಿಲ್ಲ. ಈ ಗಂಟು ಬಿಚ್ಚಲು ಸರ್ಕಾರಗಳೇ ದುಡ್ಡು ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸದ್ಯಕ್ಕೆ ರಿಪೋರ್ಟ್ ಹಿಡಿದು ವೈದ್ಯರ ಹತ್ತಿರ ಹೋಗಿ, ‘ಎಸ್’ (ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ) ಎಂದಿರುವ ಸಾಲುಗಳನ್ನು ಅವರ ಜೊತೆ ಕೂತು ನೋಡಿ. ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್‌ನಂಥ ಹಳೆಯ ಔಷಧಗಳು ಮೂತ್ರಕೋಶದ ಸೋಂಕಿಗೆ ಎಷ್ಟೋ ಸಲ ಇನ್ನೂ ನಾಟುತ್ತವೆ. ತಾಯಿಯವರಿಗೆ ಹೊಂದುತ್ತವೆಯೇ ಎಂಬುದನ್ನು ಕಿಡ್ನಿ ನೋಡಿ ವೈದ್ಯರೇ ಹೇಳಬೇಕು. ಉರಿ, ಜ್ವರ ಏನೂ ಇಲ್ಲದೆ ಬರೀ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬಂದರೆ ಸಾಮಾನ್ಯವಾಗಿ ಔಷಧವೇ ಬೇಡ. ಮುಟ್ಟು ನಿಂತವರಲ್ಲಿ ಸೋಂಕು ಮರುಕಳಿಸದಂತೆ ತಡೆಯಲು ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಇದೆ. ಸಂಕೋಚ ಬಿಟ್ಟು ಕೇಳಿ. ಹಿಂದಿನ ಸಲ ಉಳಿದ ಮಾತ್ರೆಯನ್ನು ಮಾತ್ರ ಸುಮ್ನೆ ನುಂಗಿಸಬೇಡಿ.

ಪ್ರಶ್ನೆ: ನಾನು ಬಿ.ಫಾರ್ಮ ಓದುತ್ತಿದ್ದೇನೆ. ಈಗ ಎಐ ಹೊಸ ಅಣುವನ್ನೇ ರಚಿಸುತ್ತದಂತೆ. ಹಾಗಾದರೆ ಲ್ಯಾಬ್ ಕೆಲಸಕ್ಕೆ ಭವಿಷ್ಯ ಇದೆಯಾ ಸರ್?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಇದೆಯಮ್ಮಾ, ಖಂಡಿತ ಇದೆ. ಎಂಐಟಿಯವರೇ 2025ರಲ್ಲಿ ಎಐ ಬಳಸಿ 3.6 ಕೋಟಿಗೂ ಹೆಚ್ಚು ಅಣುಗಳ ವಿನ್ಯಾಸ ಮಾಡಿದರು. ಗೊನೊರಿಯಾ ಬ್ಯಾಕ್ಟೀರಿಯಾಕ್ಕೆಂದು ಸೋಸಿ ಸೋಸಿ ಕೊನೆಗೆ 80 ಆರಿಸಿ, ತಯಾರಿಸಬಹುದೇ ಎಂದು ರಾಸಾಯನಿಕ ತಯಾರಿಸುವವರನ್ನು ಕೇಳಿದರು. ತಯಾರಿಸಲು ಆದದ್ದು ಎರಡೇ ಎರಡು! ಅದರಲ್ಲಿ ಒಂದು, ಎನ್‌ಜಿ1, ಲ್ಯಾಬ್‌ನಲ್ಲೂ ಇಲಿಯಲ್ಲೂ ಚೆನ್ನಾಗಿ ಕೆಲಸ ಮಾಡಿತು. ಪರದೆಯ ಮೇಲೆ ಚಂದ ಕಾಣುವ ಅಣುವನ್ನು ಗಾಜಿನ ಪಾತ್ರೆಯಲ್ಲಿ ನಿಜ ಮಾಡುವವರು ಬೇಕೇ ಬೇಕು, ಅಲ್ವಾ?

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಸ್ವಲ್ಪ ಕಲಿಯಿರಿ. ಆದರೆ ಎಂಐಸಿ ಪರೀಕ್ಷೆಯನ್ನು, ಅಂದರೆ ಎಷ್ಟು ಕಡಿಮೆ ಔಷಧಕ್ಕೆ ಬ್ಯಾಕ್ಟೀರಿಯಾ ನಿಲ್ಲುತ್ತದೆ ಎಂದು ಅಳೆಯುವುದನ್ನು, ಮೊದಲು ಕೈಯಾರೆ ಮಾಡಿ ಪಳಗಿ. ಹ್ಯಾಲಿಸಿನ್ ಕಥೆಯಲ್ಲಿ 2,215 ಗುಳಿಗಳು ‘ಇಲ್ಲ’ ಎಂದವು, ಕಂಪ್ಯೂಟರ್ ಕಲಿತದ್ದು ಅವುಗಳಿಂದಲೂ. ಆದ್ದರಿಂದ ನಿಮ್ಮ ಪ್ರಾಜೆಕ್ಟ್‌ನಲ್ಲಿ ಗಿಡದ ಸಾರವೋ ಇನ್ನೊಂದೋ ಕೆಲಸ ಮಾಡದೇ ಹೋದರೆ ಆ ಪುಟ ಹರಿಯಬೇಡಿ. ಯಾವ ತಳಿ, ಎಷ್ಟು ಡೋಸ್, ಎಷ್ಟು ತಾಪಮಾನ, ಎಷ್ಟು ಗಂಟೆ ಎಂದು ಅದನ್ನೂ ಪೂರ್ತಿ ಬರೆದಿಡಿ.